ಮೋಟಾರ್ ಆನ್ ಮಾಡುವುದು ಸುಲಭ, ನೀರಿನ ಲೆಕ್ಕ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸ ಯಂತ್ರಗಳ ಬಗ್ಗೆಯೇ ಇವೆ. ಮನೆಯಿಂದಲೇ ಮೋಟಾರ್ ಆನ್-ಆಫ್ ಮಾಡುವ ಮೊಬೈಲ್ ಸ್ಟಾರ್ಟರ್, ಮಣ್ಣಿನ ತೇವಾಂಶ ತಿಳಿಸುವ ಸೆನ್ಸರ್, ಡ್ರೋನ್, ಹಾಲು ಕರೆಯುವ ಯಂತ್ರ. ಹೊಸದಾಗಿ ಓದುತ್ತಿರುವವರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಕೃಷಿ ಪದವೀಧರನಲ್ಲ. ಚಿಂತಾಮಣಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸಿದವನು. ಅಂಗಡಿಯನ್ನು ಈಗ ತಮ್ಮನ ಮಗ ನೋಡಿಕೊಳ್ಳುತ್ತಾನೆ. ನಾನು ಊರಲ್ಲಿ ಹಿಪ್ಪುನೇರಳೆ, ಒಂದಿಷ್ಟು ಟೊಮೆಟೊ, ರಾಗಿ ಬೆಳೆದುಕೊಂಡಿದ್ದೇನೆ. ಹಾಗಾಗಿ ಯಾವ ಯಂತ್ರದ ಮಾತು ಬಂದರೂ ನಾನು ಮೊದಲು ನೋಡುವುದು ಕೊಳವೆಬಾವಿಯ ಕಡೆಗೆ.

ಪ್ರಶ್ನೆ: ನಮ್ಮದು 1,200 ಅಡಿ ಬೋರ್. ಮೊದಲು ಎರಡು ಇಂಚು ನೀರಿತ್ತು, ಈಗ ಒಂದಕ್ಕೆ ಬಂದಿದೆ. ಒಂದು ಎಕರೆ ಟೊಮೆಟೊಗೆ ಡ್ರಿಪ್ ಇದೆ. ಮೊಬೈಲ್ ಸ್ಟಾರ್ಟರ್ ಹಾಕಿಸಿ, ಕರೆಂಟ್ ಬಂದಾಗ ತಾನೇ ಶುರುವಾಗುವಂತೆ ಆಟೋದಲ್ಲಿ ಬಿಟ್ಟ ಮೇಲೆ ರಾತ್ರಿ ತೋಟಕ್ಕೆ ಹೋಗುವುದು ತಪ್ಪಿತು. ಆದರೆ ವರ್ಷದೊಳಗೆ ಎರಡು ಸಲ ಮೋಟಾರ್ ಸುಟ್ಟಿತು. ಸ್ಟಾರ್ಟರ್ ತೆಗೆಸಿಬಿಡಲೇ?
— ಟೊಮೆಟೊ ಬೆಳೆಗಾರರು, ಮುಳಬಾಗಿಲು ತಾಲ್ಲೂಕು

ತೆಗೆಸಬೇಡಿ. ನಡುರಾತ್ರಿ ತ್ರಿಫೇಸ್ ಬಂತೆಂದು ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ ಹಾವು ಕಚ್ಚಿಸಿಕೊಂಡವರನ್ನು, ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆಸಿಕೊಂಡವರನ್ನು ನಾನು ಕಂಡಿದ್ದೇನೆ. ಕಾಮಸಮುದ್ರದ ಕಡೆಯವರಿಗೆ ಆನೆಯ ಭಯವೂ ಸೇರಿಕೊಳ್ಳುತ್ತದೆ. ಸಿಮ್ ಹಾಕಿದ ಒಂದು ಪೆಟ್ಟಿಗೆ ಇಷ್ಟನ್ನು ತಪ್ಪಿಸಿದೆ. ನಮ್ಮ ಕಡೆಯ ರೈತನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಮಾಡಿದ ಯಂತ್ರ ಈಚೆಗೆ ಬಂದಿಲ್ಲ ಎಂದೇ ನನ್ನ ಎಣಿಕೆ.

ನಿಮ್ಮ ಮೋಟಾರ್ ಸುಡಲು ಎರಡು ಕಾರಣ ಇರಬಹುದು. ಒಂದು, ನೀರಿಲ್ಲದೆ ಓಡಿದ್ದು. ಸಬ್‌ಮರ್ಸಿಬಲ್ ಮೋಟಾರನ್ನು ತಣ್ಣಗಿಡುವುದು ಅದರ ಸುತ್ತ ಹರಿಯುವ ನೀರೇ. ಬೋರ್‌ನಲ್ಲಿ ನೀರು ಕೆಳಗಿಳಿದರೂ ಸರಿಯಾಗಿ ಸೆಟ್ ಮಾಡದ ಆಟೋ ಸ್ಟಾರ್ಟರ್‌ಗೆ ಅದು ತಿಳಿಯದು, ಕರೆಂಟ್ ಇದೆ ಎಂಬುದಷ್ಟೇ ತಿಳಿಯುತ್ತದೆ. ಬುಷ್ ಸವೆದು, ವೈಂಡಿಂಗ್ ಕಾದು ಹೋಗುತ್ತದೆ. ಎರಡನೆಯದು, ಒಂದು ಫೇಸ್ ಹೋದಾಗಲೂ ಓಡಿದ್ದು. ಆಗ ಉಳಿದೆರಡು ಫೇಸ್‌ನಲ್ಲಿ ಕರೆಂಟ್ ಏರಿ ಕಾಯಿಲ್ ಕಪ್ಪಾಗುತ್ತದೆ. ಸುಟ್ಟ ಮೋಟಾರ್ ಬಿಚ್ಚಿದವನನ್ನು ಕೇಳಿ. ಎಲ್ಲ ಕಾಯಿಲ್ ಒಂದೇ ಸಮ ಕಪ್ಪಾಗಿತ್ತೇ, ಅಥವಾ ಕೆಲವು ಕಪ್ಪಾಗಿ ಕೆಲವು ಹೊಸದರಂತಿದ್ದವೇ? ಕೆಲವು ಮಾತ್ರ ಕಪ್ಪಾಗಿದ್ದರೆ ಫೇಸ್ ಹೋದದ್ದೇ ಕಾರಣವೆಂದು ತಿಳಿಯಿರಿ.

ಎರಡಕ್ಕೂ ರಕ್ಷಣೆ ಹೆಚ್ಚಿನ ಸ್ಟಾರ್ಟರ್ ಪ್ಯಾನಲ್‌ಗಳಲ್ಲೇ ಇರುತ್ತದೆ, ಆದರೆ ಹಾಕಿದವರು ಆಂಪಿಯರ್ ಸೆಟ್ ಮಾಡದೆ ಹೋಗಿರುತ್ತಾರೆ. ನೀರು ಚೆನ್ನಾಗಿ ಬರುವಾಗ ನಿಮ್ಮ ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿಸಿ. 15 ಇದೆ ಎಂದಿಟ್ಟುಕೊಳ್ಳಿ. ನೀರು ನಿಂತಾಗ ಅದು 9–10ಕ್ಕೆ ಇಳಿಯುತ್ತದೆ ಎನ್ನಿ. ಹಾಗಿದ್ದರೆ 12ಕ್ಕೆ ಇಳಿದ ಕೂಡಲೇ ನಿಲ್ಲುವಂತೆ ಡ್ರೈ ರನ್ ಸೆಟ್ ಮಾಡಿಸಬೇಕು. ನಿಂತ ಮೇಲೆ ಐದೇ ನಿಮಿಷಕ್ಕೆ ಮತ್ತೆ ಶುರುವಾಗಬಾರದು. ಬೋರ್‌ಗೆ ನೀರು ಊರಲು ಒಂದೆರಡು ಗಂಟೆ ಬಿಡುವು ಕೊಡಿ, ಆ ಟೈಮರ್ ಕೂಡ ಅಲ್ಲೇ ಇದೆ.

ಇನ್ನೊಂದು ವಿಷಯ ನಿಮ್ಮ ಅಕ್ಕಪಕ್ಕದವರಿಗೂ ಸೇರಿದ್ದು. ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಕೆಳಗೆ ಹತ್ತು ಮೋಟಾರ್ ಆಟೋದಲ್ಲಿದ್ದರೆ ಕರೆಂಟ್ ಬಂದ ಕ್ಷಣ ಹತ್ತೂ ಒಟ್ಟಿಗೆ ಶುರುವಾಗುತ್ತವೆ. ಮೋಟಾರ್ ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಟಿ.ಸಿ. ಸುಡುತ್ತದೆ, ಆಮೇಲೆ ಊರಿಗೆ ಊರೇ ಹೊಸ ಟಿ.ಸಿ.ಗೆ ಕಾದು ಕೂರಬೇಕು. ಹತ್ತು ಜನ ಒಂದು ಸಂಜೆ ಅರಳಿಕಟ್ಟೆಯಲ್ಲಿ ಕೂತು, ನಿನ್ನದು ಎರಡು ನಿಮಿಷಕ್ಕೆ, ನನ್ನದು ನಾಲ್ಕಕ್ಕೆ, ಅವರದು ಆರಕ್ಕೆ ಎಂದು ಸ್ಟಾರ್ಟ್ ಆಗುವ ಹೊತ್ತನ್ನು ಹಂಚಿಕೊಂಡರೆ ಸಾಕು. ಒಂದು ರೂಪಾಯಿಯೂ ಖರ್ಚಿಲ್ಲ.

ಈಗ ನೀವು ಕೇಳದ ವಿಷಯಕ್ಕೆ ಬರುತ್ತೇನೆ. ‘ಇಂಚು’ ಬಿಡಿ, ಲೀಟರ್ ನೋಡಿ. 200 ಲೀಟರ್ ಡ್ರಮ್ ತುಂಬಲು ಎಷ್ಟು ಹೊತ್ತು? ಮೂರು ನಿಮಿಷವಾದರೆ ಗಂಟೆಗೆ 4,000 ಲೀಟರ್. ಐದಡಿ ಸಾಲು, ಸಾಲಿನಲ್ಲಿ ಒಂದೂವರೆ ಅಡಿಗೊಂದು ಗಿಡ ಎಂದರೆ ಎಕರೆಗೆ 5,800 ಗಿಡ. ಕಾಯಿ ತುಂಬುವ ಕಾಲದಲ್ಲಿ ಗಿಡಕ್ಕೆ ದಿನಕ್ಕೆ ಎರಡು ಲೀಟರ್ ಲೆಕ್ಕ ಹಿಡಿದರೂ 11,600 ಲೀಟರ್. ಮೂರು ಗಂಟೆ ಸಾಕು. ಏಳು ಗಂಟೆ ತ್ರಿಫೇಸ್ ಕೊಟ್ಟರೆಂದು ಏಳು ಗಂಟೆಯೂ ಓಡಿಸಿದರೆ ಉಳಿದ ನಾಲ್ಕು ಗಂಟೆಯ ನೀರು ಎಲ್ಲಿ ಹೋಯಿತು? ಬೇರಿನ ಕೆಳಕ್ಕೆ, ಹಾಕಿದ ಗೊಬ್ಬರವನ್ನೂ ಎಳೆದುಕೊಂಡು. ಹತ್ತು ಎಚ್‌ಪಿವರೆಗೆ ಕರೆಂಟಿಗೆ ಬಿಲ್ ಇಲ್ಲದ್ದರಿಂದ ಈ ಪ್ರಶ್ನೆ ನಮ್ಮ ತಲೆಗೆ ಬರುವುದೇ ಇಲ್ಲ.

ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ನಮ್ಮ ಕೋಲಾರ ಅತಿಬಳಕೆಯ ಜಿಲ್ಲೆ. ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಪೂಜೆ ಮಾಡಿದರು. ಆ ಕೆರೆಗಳ ಸುತ್ತ ಬತ್ತಿದ ಬೋರ್‌ಗಳಲ್ಲಿ ನೀರು ಕಂಡವರಿದ್ದಾರೆ. ಬೆಂಗಳೂರಿನ ಬಚ್ಚಲ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗೆ ತರಿಸಿಕೊಂಡ ನಾವು, ಆ ನೀರು ಭೂಮಿಗೆ ಇಳಿದ ಮೇಲಾದರೂ ಅಳೆದು ಎತ್ತಬೇಡವೇ? ಮೊಬೈಲ್ ಸ್ಟಾರ್ಟರ್ ಜೊತೆ ಡೆಲಿವರಿ ಪೈಪಿಗೆ ಒಂದು ನೀರಿನ ಮೀಟರ್ ಕೂರಿಸಿ. ಗಂಟೆಯ ಬದಲು ಲೀಟರ್‌ಗೆ ನಿಲ್ಲುವ ಸ್ಟಾರ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಮೋಟಾರ್ ಓಡಿಸುವ ಯಂತ್ರವನ್ನು ಎಲ್ಲರೂ ಕೊಂಡೆವು, ನೀರು ಅಳೆಯುವ ಯಂತ್ರವನ್ನು ಯಾರೂ ಕೊಳ್ಳಲಿಲ್ಲ. ನನ್ನ ಸಂಕಟ ಇದೇ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಪ್ಪನದು ಮೂರು ಎಕರೆ, ಕೆಂಪು ಮಣ್ಣು. ಮಣ್ಣಿಗೆ ಸೆನ್ಸರ್ ಹಾಕಿ ವಾಲ್ವ್, ಗೊಬ್ಬರ ಎಲ್ಲವನ್ನೂ ಆಟೋಮ್ಯಾಟಿಕ್ ಮಾಡಬೇಕೆಂದಿದ್ದೇನೆ. ಅಪ್ಪ ಒಪ್ಪುತ್ತಿಲ್ಲ. ಹೇಗೆ ಒಪ್ಪಿಸಲಿ?
— ಯುವ ಓದುಗ, ಗೌರಿಬಿದನೂರು

ಒಪ್ಪಿಸಲು ಹೋಗಬೇಡ ತಮ್ಮಾ, ಮೊದಲು ಅಪ್ಪನಿಂದ ಕೆಲಸ ಕಲಿತುಕೋ. ಅವರು ಬೆಳಿಗ್ಗೆ ತೋಟದಲ್ಲಿ ಕಾಲಿನಿಂದ ಮಣ್ಣು ಕೆದಕಿ, ಒಂದು ಹಿಡಿ ತೆಗೆದು ಅದುಮಿ ನೋಡುತ್ತಾರಲ್ಲ, ಅದೂ ತೇವ ಅಳೆಯುವ ಕೆಲಸವೇ. ಮೊದಲ ಬೆಳೆಗೆ ವಾಲ್ವ್ ಬೇಡ. ಸೆನ್ಸರ್ ಮಾತ್ರ ಹಾಕು, ಅದು ಏನು ತೋರಿಸುತ್ತದೆ ಎಂದು ಬರೆದಿಡು. ಅದರ ಪಕ್ಕದಲ್ಲಿ ಅಪ್ಪ ಅವತ್ತು ‘ನೀರು ಬೇಕು’ ಅಂದರೋ ‘ನಾಳೆ ನೋಡೋಣ’ ಅಂದರೋ ಅದನ್ನೂ ಬರೆ. ಬೆಳೆ ಮುಗಿಯುವ ಹೊತ್ತಿಗೆ ಯಾವ ಅಂಕಿಗೆ ಅವರು ‘ಬೇಕು’ ಅನ್ನುತ್ತಾರೆ ಎಂಬುದು ತಾನೇ ಕಾಣುತ್ತದೆ. ಆ ಅಂಕಿಯನ್ನೇ ಯಂತ್ರಕ್ಕೆ ಕೊಡು. ಕಂಪನಿ ಕೊಟ್ಟು ಕಳಿಸುವ ಅಂಕಿ ಬೇರೆ ಯಾವುದೋ ಮಣ್ಣಿನದ್ದಾಗಿರುತ್ತದೆ.

ಹಾಕುವ ಜಾಗ ಬಹಳ ಮುಖ್ಯ. ಡ್ರಿಪ್ಪರ್ ನೇರ ಕೆಳಗೆ ನೆಟ್ಟರೆ ಯಾವಾಗಲೂ ‘ಒದ್ದೆ’ ಅನ್ನುತ್ತದೆ, ಸಾಲಿನ ನಡುವೆ ನೆಟ್ಟರೆ ಯಾವಾಗಲೂ ‘ಒಣ’. ಡ್ರಿಪ್ಪರ್‌ನಿಂದ ಒಂದು ಗೇಣಿನೊಳಗೆ, ಬೇರು ಇರುವ ಕಡೆ, 15 ಸೆಂಟಿಮೀಟರ್ ಆಳಕ್ಕೆ ಒಂದು, 30ಕ್ಕೆ ಇನ್ನೊಂದು ಇಡು. ಮೇಲಿನದು ಯಾವಾಗ ನೀರು ಕೊಡಬೇಕೆಂದು ಹೇಳುತ್ತದೆ, ಕೆಳಗಿನದು ಯಾವಾಗ ನಿಲ್ಲಿಸಬೇಕೆಂದು ಹೇಳುತ್ತದೆ. ಎರಡು ಲೋಹದ ಕಡ್ಡಿಯ ಅಗ್ಗದ ಸೆನ್ಸರ್ ಬೇಡ, ತುಕ್ಕು ಹಿಡಿದು ಕೆಲವೇ ವಾರಕ್ಕೆ ಸುಳ್ಳು ಹೇಳಲು ಶುರುಮಾಡುತ್ತದೆ. ಲೋಹ ಮಣ್ಣಿಗೆ ತಾಗದಂತೆ ಮುಚ್ಚಿರುವ ಕೆಪ್ಯಾಸಿಟಿವ್ ಸೆನ್ಸರ್ ಆದರೆ ವಾಸಿ. ಆದರೆ ನಮ್ಮ ಬೋರ್ ನೀರಿನಲ್ಲಿ ಉಪ್ಪಿನಂಶ ಹೆಚ್ಚು, ಅದೂ ಅಳತೆ ತಪ್ಪಿಸುತ್ತದೆ. ಕರೆಂಟೇ ಬೇಡದ ಟೆನ್ಸಿಯೋಮೀಟರ್ ಇದೆ. ತುದಿಯಲ್ಲಿ ಮಣ್ಣಿನ ಬಟ್ಟಲು, ಕೊಳವೆ ತುಂಬ ನೀರು, ಮೇಲೆ ಒಂದು ಗೇಜ್. ಮಣ್ಣು ಒಣಗಿದಷ್ಟೂ ನೀರನ್ನು ಎಳೆಯುತ್ತದೆ, ಮುಳ್ಳು ಏರುತ್ತದೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವರು ಬಣ್ಣದ ದೀಪದಿಂದ ತೇವ ತಿಳಿಸುವ ಸಣ್ಣ ಉಪಕರಣ ಮಾಡಿದ್ದಾರೆ. ಓದು ಬರದವರಿಗೂ ಅರ್ಥವಾಗುತ್ತದೆ. ಅಪ್ಪನ ಕೈಗೆ ಮೊದಲು ಅಂಥದ್ದನ್ನು ಕೊಡು.

ಗೊಬ್ಬರದ ಆಟೋಮ್ಯಾಟಿಕ್ ಬಗ್ಗೆ ಎಚ್ಚರ. ಕ್ಯಾಲ್ಸಿಯಂ ನೈಟ್ರೇಟನ್ನೂ ರಂಜಕದ 12:61:0 ಗೊಬ್ಬರವನ್ನೂ ಒಂದೇ ಟ್ಯಾಂಕಿಗೆ ಸುರಿದರೆ ಎರಡೂ ಸೇರಿ ಸುಣ್ಣದಂತೆ ಗಟ್ಟಿಯಾಗಿ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ. ಕೈಯಲ್ಲಿ ಕಲಸುವವನಿಗೆ ನೀರು ಹಾಲಿನಂತಾದದ್ದು ಕಣ್ಣಿಗೆ ಕಾಣುತ್ತದೆ, ಬೆಂಗಳೂರಿನಲ್ಲಿ ಕೂತು ಮೊಬೈಲ್ ಒತ್ತುವವನಿಗೆ ಕಾಣದು. ಫಿಲ್ಟರ್ ತೊಳೆಯುವುದು, ಲ್ಯಾಟರಲ್ (ಸಾಲಿನ ಡ್ರಿಪ್ ಪೈಪ್) ತುದಿ ಬಿಚ್ಚಿ ನೀರು ಹರಿಸುವುದು, ಇವನ್ನು ಯಾವ ಆ್ಯಪ್ ಕೂಡ ಮಾಡುವುದಿಲ್ಲ.

ಇನ್ನೊಂದು ಮಾತನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಸೆನ್ಸರ್‌ನಿಂದ ನೀರು ಉಳಿದರೆ ಆ ನೀರನ್ನು ಏನು ಮಾಡುತ್ತೀರಿ? ನಮ್ಮಲ್ಲಿ ಸಾಲಿಗೆ ನೀರು ಹಾಯಿಸುವುದು ಹೋಗಿ ಡ್ರಿಪ್ ಬಂದಾಗ ನೀರು ಉಳಿಯಿತು, ಉಳಿದ ನೀರಿಗೆ ಇನ್ನೊಂದು ಎಕರೆ ಟೊಮೆಟೊ ಬಂತು, ಬೋರ್ ಮತ್ತೆ ಕೆಳಗಿಳಿಯಿತು. ಉಳಿದದ್ದು ಭೂಮಿಯಲ್ಲೇ ಉಳಿಯಲಿ ಎಂದು ಮೊದಲೇ ತೀರ್ಮಾನ ಮಾಡದಿದ್ದರೆ ಎಷ್ಟು ಜಾಣ ಯಂತ್ರ ತಂದರೂ ನೀರು ಉಳಿಯುವುದಿಲ್ಲ.

ಪ್ರಶ್ನೆ: ಪಕ್ಕದ ತೋಟದವರು ಟೊಮೆಟೊಗೆ ಡ್ರೋನ್‌ನಿಂದ ಔಷಧಿ ಹೊಡೆಸಿದರು. ಎರಡು ದಿನ ಬಿಟ್ಟು ನಮ್ಮ ಹಿಪ್ಪುನೇರಳೆ ಸೊಪ್ಪು ಕೊಟ್ಟಾಗ ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ರೇಷ್ಮೆಹುಳುಗಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ ಸತ್ತವು. ಡ್ರೋನ್ ನಿಲ್ಲಿಸಲು ದೂರು ಕೊಡಬಹುದೇ?
— ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ ತಾಲ್ಲೂಕು

ಓದಿ ಬಹಳ ಸಂಕಟವಾಯಿತು. ಐದನೇ ಹಂತಕ್ಕೆ ಬಂದ ಹುಳು ಹೋದರೆ ಸೊಪ್ಪು, ಕೂಲಿ, ನಿದ್ದೆಗೆಟ್ಟ ರಾತ್ರಿ ಎಲ್ಲ ಖರ್ಚಾದ ಮೇಲೆ ಹೋದಂತೆ. ನೀವು ಬರೆದ ಲಕ್ಷಣ ಕೀಟನಾಶಕದ್ದೇ ಎಂದು ಕಾಣುತ್ತದೆ, ಹುಳುವಿಗೆ ಬರುವ ಹಾಲುರೋಗದ್ದಲ್ಲ. ಸತ್ತ ಹುಳುಗಳನ್ನೂ ಸೊಪ್ಪನ್ನೂ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ತೋರಿಸಿ, ಫೋಟೊ ಸಹಿತ ಬರವಣಿಗೆಯಲ್ಲಿ ದೂರು ಕೊಡಿ. ಪಂಚಾಯಿತಿಗೂ ಒಂದು ಪ್ರತಿ ಕೊಡಿ.

ಡ್ರೋನ್‌ನಲ್ಲಿ ಏನು ನಡೆಯುತ್ತದೆ ಎಂಬುದು ನಿಮ್ಮ ಪಕ್ಕದವರಿಗೂ ತಿಳಿದಿರಲಾರದು. ಬೆನ್ನಿನ ಪಂಪಿನಲ್ಲಿ ಎಕರೆಗೆ 200 ಲೀಟರ್ ನೀರಿಗೆ ಬೆರೆಸುವ ಔಷಧಿಯನ್ನು ಡ್ರೋನ್‌ನಲ್ಲಿ ಹತ್ತು ಲೀಟರ್ ಆಸುಪಾಸಿನ ನೀರಿಗೆ ಬೆರೆಸುತ್ತಾರೆ. ಎಂದರೆ ಒಂದೊಂದು ಹನಿಯೂ ಇಪ್ಪತ್ತು ಪಟ್ಟು ಖಾರ. ಹನಿಯೂ ಸಣ್ಣದು, ಗಾಳಿಗೆ ತೇಲುತ್ತದೆ. ಟೊಮೆಟೊದ ಬಿಳಿ ನೊಣಕ್ಕೆ ಹೊಡೆಯುವ ಔಷಧಿಗಳಲ್ಲಿ ಹಲವು ರೇಷ್ಮೆಹುಳುವಿಗೆ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಹುಳು ಕೂಡ ಕೀಟವೇ ತಾನೆ, ಅದಕ್ಕೂ ನೊಣಕ್ಕೂ ಆ ಔಷಧಿ ಭೇದ ಮಾಡುವುದಿಲ್ಲ.

ಆದರೂ ಡ್ರೋನೇ ಬೇಡ ಎನ್ನಲು ನನಗೆ ಮನಸ್ಸಿಲ್ಲ. ಮುಖಕ್ಕೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ಬೆನ್ನಿಗೆ ಟ್ಯಾಂಕ್ ಹೊತ್ತು ಇಡೀ ದಿನ ವಿಷ ಉಸಿರಾಡುವ ಹುಡುಗರ ಶ್ವಾಸಕೋಶವನ್ನು ಅದು ಉಳಿಸುತ್ತದೆ. ಬೇಕಾಗಿರುವುದು ಊರಿನ ಕಟ್ಟುಪಾಡು. ಹೊಡೆಯುವ ಹಿಂದಿನ ದಿನವೇ ಸುತ್ತಲ ಹಿಪ್ಪುನೇರಳೆಯವರಿಗೆ ತಿಳಿಸಬೇಕು. ಗಾಳಿ ನಿಂತ ಬೆಳಗಿನ ಹೊತ್ತಿನಲ್ಲಿ ಮಾತ್ರ ಹಾರಿಸಬೇಕು. ಹಿಪ್ಪುನೇರಳೆಯ ಅಂಚಿನ ಸಾಲುಗಳಿಗೆ ಕೈ ಪಂಪೇ ಇರಲಿ. 2021ರ ಡ್ರೋನ್ ನಿಯಮದ ಪ್ರಕಾರ ಔಷಧಿ ಹೊಡೆಯುವಂಥ ಡ್ರೋನ್‌ಗೆ ನೋಂದಣಿ ಸಂಖ್ಯೆ ಇರಬೇಕು, ಹಾರಿಸುವವರು ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು. ಅದನ್ನು ತೋರಿಸಿ ಎಂದು ಕೇಳಿ, ಸಂಕೋಚ ಬೇಡ.

ನೀವೂ ಒಂದು ಅಭ್ಯಾಸ ಇಟ್ಟುಕೊಳ್ಳಿ. ಅಂಚಿನ ಸಾಲಿನ ಸೊಪ್ಪನ್ನು ಒಂದಿಷ್ಟು ಹುಳುಗಳಿಗೆ ಬೇರೆ ತಟ್ಟೆಯಲ್ಲಿ ಮೊದಲು ಹಾಕಿ, ಒಂದು ದಿನ ನೋಡಿ, ಆಮೇಲೆ ಉಳಿದ ಹುಳುಗಳಿಗೆ ಕೊಡಿ. ಅನುಮಾನದ ಸೊಪ್ಪನ್ನು ಹಸುವಿಗೂ ಹಾಕಬೇಡಿ.

ಪ್ರಶ್ನೆ: ನನಗೆ ಅರವತ್ತು ಹತ್ತಿರ. ಎರಡು ಸೀಮೆಹಸು ಇವೆ, ಡೇರಿಗೆ ಹಾಕುತ್ತೇನೆ. ಬೆರಳಿನ ಗಿಣ್ಣು ನೋವು, ಕರೆಯಲು ಆಗುತ್ತಿಲ್ಲ. ಎರಡೇ ಹಸುವಿಗೆ ಮಷಿನ್ ದಂಡ ಎಂದು ಮಗ ಹೇಳುತ್ತಾನೆ.
— ಹಾಲು ಉತ್ಪಾದಕಿ, ಶ್ರೀನಿವಾಸಪುರ

ಅಮ್ಮಾ, ಹಣದ ಲೆಕ್ಕ ಮಾತ್ರ ಹಾಕಿದರೆ ನಿಮ್ಮ ಮಗ ಹೇಳಿದ್ದು ಸರಿ. ಆದರೆ ನಿಮ್ಮ ಬೆರಳಿನ ನೋವು ಆ ಲೆಕ್ಕದಲ್ಲಿಲ್ಲ. ಒಂದೇ ಬಕೆಟ್ಟಿನ, ತಳ್ಳಿಕೊಂಡು ಹೋಗುವ ಸಣ್ಣ ಯಂತ್ರ ತೆಗೆದುಕೊಳ್ಳಿ. ಅದು ಕರು ಕುಡಿದಂತೆ ಎಳೆದು, ಬಿಟ್ಟು, ಎಳೆದು ಹಾಲು ತೆಗೆಯುತ್ತದೆ. ಹಾಲು ನಿಂತ ಮೇಲೂ ಹಾಗೇ ಬಿಟ್ಟರೆ ಮೊಲೆತೊಟ್ಟು ನೊಂದು ಕೆಚ್ಚಲು ಬಾವು ಬರುತ್ತದೆ, ಪಕ್ಕದಲ್ಲೇ ನಿಲ್ಲಿ. ಮೊದಲ ನಾಲ್ಕು ಹಿಂಡು ಕೈಯಲ್ಲೇ ಕರೆದು ಕಪ್ಪು ತಟ್ಟೆಯ ಮೇಲೆ ನೋಡಿ, ಗರಣೆ ಕಂಡರೆ ಅವತ್ತು ಆ ಹಸುವಿಗೆ ಯಂತ್ರ ಬೇಡ. ಕರೆದಾದ ಮೇಲೆ ರಬ್ಬರ್ ಕೊಳವೆಗಳನ್ನು ಪ್ರತಿ ಹೊತ್ತೂ ಬಿಸಿನೀರಿನಲ್ಲಿ ತೊಳೆಯುವ ಕೆಲಸವನ್ನು ಮಗನಿಗೆ ಒಪ್ಪಿಸಿ. ಕರೆಂಟ್ ಹೋದಾಗ ಏನು ಮಾಡುವುದೆಂದು ಕೊಳ್ಳುವ ಮೊದಲೇ ಅಂಗಡಿಯವರನ್ನು ಕೇಳಿ.

ಪ್ರಶ್ನೆ: ನಾನು ಕೂಲಿ ಮಾಡುವವಳು. ನಿಮ್ಮ ಪುಟವನ್ನು ಮಗಳು ಓದಿ ಹೇಳುತ್ತಾಳೆ. ಸಾಲಿನ ಮೇಲೆ ಹಾಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ಬಂದು ಕಳೆ ಕೀಳುವ ಕೆಲಸ ಹೋಯಿತು. ರಾಗಿ ಕೊಯ್ಲು ಮಷಿನ್‌ಗೆ ಹೋಯಿತು. ನೀವು ಯಂತ್ರ ಕೊಳ್ಳಿ ಕೊಳ್ಳಿ ಅನ್ನುತ್ತೀರಿ. ನಮ್ಮ ಗತಿ ಏನು?
— ಚಿಂತಾಮಣಿ ತಾಲ್ಲೂಕು

ತಾಯೀ, ಈ ಪತ್ರವನ್ನು ಎಲ್ಲಕ್ಕಿಂತ ಮೊದಲು ಹಾಕಬೇಕಿತ್ತು. ನೀವು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹೋದ ಕೆಲಸಗಳಲ್ಲಿ ಹೆಚ್ಚಿನವು ಹೆಂಗಸರವೇ. ನೀರು ಕಟ್ಟುವ ಕೆಲಸ ಗಂಡಸರದು, ಅದೂ ಡ್ರಿಪ್ ಬಂದ ಮೇಲೆ ಹೋಯಿತು, ಆದರೆ ಅವರಿಗೆ ಟ್ರ್ಯಾಕ್ಟರ್, ಟೆಂಪೊ, ಮಂಡಿಯ ಕೆಲಸ ಸಿಕ್ಕಿತು. ಶಿಡ್ಲಘಟ್ಟದಲ್ಲೂ ಇದೇ ನಡೆಯುತ್ತಿದೆ. ಆಟೋಮ್ಯಾಟಿಕ್ ರೀಲಿಂಗ್ ಯಂತ್ರ ಒಳ್ಳೆಯ ದರ್ಜೆಯ ನೂಲು ತೆಗೆಯುತ್ತದೆ, ಆದರೆ ಬಿಸಿನೀರಿನಲ್ಲಿ ಕೈಯಿಟ್ಟು ನೂಲು ತೆಗೆದೇ ಮನೆ ನಡೆಸುತ್ತಿದ್ದ ಅಷ್ಟು ಹೆಂಗಸರಿಗೆ ಅಲ್ಲಿ ಜಾಗವಿಲ್ಲ.

ಉಳಿಯುವ ಕೆಲಸ ಯಾವುದು ಎಂದರೆ, ಟೊಮೆಟೊ ಬಿಡಿಸುವುದು ಇನ್ನೂ ಬಹುಕಾಲ ನಿಮ್ಮ ಕೈಯಲ್ಲೇ ಇರುತ್ತದೆ. ಗಾಜಿನ ಮನೆಯಲ್ಲಿ ಟೊಮೆಟೊ ಕೀಳುವ ರೋಬೊಗಳು ಹೊರದೇಶಗಳಲ್ಲಿವೆ. ನಮ್ಮ ಕಡ್ಡಿ ಕಟ್ಟಿದ ಸಾಲಿನಲ್ಲಿ, ಎಲೆ ಸರಿಸಿ, ದೂರದ ಮಾರುಕಟ್ಟೆಗೆ ಅರೆಗಾಯಿ, ಹತ್ತಿರಕ್ಕೆ ಹಣ್ಣು ಎಂದು ಕಣ್ಣಲ್ಲೇ ಆರಿಸಿ 15 ಕೆ.ಜಿ. ಕ್ರೇಟ್ ತುಂಬುವ ನಿಮ್ಮ ವೇಗಕ್ಕೆ ಅವು ಬರುವುದಿಲ್ಲ. ಇದು ಕೈಚಳಕದ ಕೆಲಸ, ಕೂಲಿಯನ್ನು ಆ ಬೆಲೆಗೇ ಕೇಳಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಒಂದು ಕ್ರೇಟ್ ಎರಡು ಸಾವಿರ ದಾಟಿದಾಗ ಬಿಡಿಸುವವರ ಕೂಲಿ ಎಷ್ಟು ಏರಿತು ಎಂದು ಬೆಳೆಗಾರರಾದ ನಾವು ಎದೆ ಮುಟ್ಟಿಕೊಂಡು ಕೇಳಿಕೊಳ್ಳಬೇಕು.

ಯಂತ್ರ ನಡೆಸುವ ಕೆಲಸಕ್ಕೂ ಹೆಂಗಸರು ಬರಬೇಕು. ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆ 2023ರಲ್ಲಿ ಬಂತು. ದೇಶದ 15,000 ಸ್ತ್ರೀ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದು ಆಗ ಅದರ ಗುರಿಯಾಗಿತ್ತು, ಬೆಲೆಯ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನವಿತ್ತು. ಹಾರಿಸಲು 18 ವರ್ಷ ತುಂಬಿ ಹತ್ತನೇ ತರಗತಿ ಪಾಸಾಗಿರಬೇಕು, ತರಬೇತಿ ಪಡೆಯಬೇಕು. ಈ ಪುಟ ಓದಿ ಹೇಳುವ ನಿಮ್ಮ ಮಗಳು ಹತ್ತನೇ ತರಗತಿ ಮುಗಿಸಿದ್ದಾಳೆಯೇ? ನಿಮ್ಮ ಸಂಘದ ಸಭೆಯಲ್ಲಿ ಈ ಮಾತು ಎತ್ತಿ. ಡ್ರೋನ್ ಸಿಗದಿದ್ದರೂ ಮಲ್ಚಿಂಗ್ ಹಾಸುವುದು, ಡ್ರಿಪ್ ಜೋಡಿಸುವುದು, ಫಿಲ್ಟರ್ ರಿಪೇರಿ ಇವನ್ನು ಐದಾರು ಜನ ಕಲಿತು ಗುತ್ತಿಗೆ ಹಿಡಿಯಬಹುದು. ನಮ್ಮ ಅಂಗಡಿಗೆ ಬಂದರೆ ಸ್ಟಾರ್ಟರ್ ಬಿಚ್ಚಿ ಜೋಡಿಸುವುದನ್ನು ಹೇಳಿಕೊಡಲು ತಮ್ಮನ ಮಗನಿಗೆ ಹೇಳಿದ್ದೇನೆ. ಹೆಣ್ಣುಮಕ್ಕಳಿಗೆ ಈ ಕೆಲಸ ಬಾರದು ಎನ್ನುವವರ ಮಾತು ಕೇಳಬೇಡಿ.

ರಾಗಿ ಕೊಯ್ಲಿನ ಬಗ್ಗೆ ಬೆಳೆಗಾರರಿಗೂ ಒಂದು ಮಾತು. ದೊಡ್ಡ ಮಷಿನ್ ಕೊಯ್ದ ಹುಲ್ಲು ಪುಡಿಯಾಗಿ ಹೊಲದಲ್ಲೇ ಚೆಲ್ಲುತ್ತದೆ, ಮೆದೆಗೆ ಬರುವುದಿಲ್ಲ. ಮನೆಯಲ್ಲಿ ಹಸು ಇದ್ದವರು ಹುಲ್ಲಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ, ಸಣ್ಣ ಹಿಡುವಳಿಗೆ ಆಳಿಟ್ಟು ಕೊಯ್ಯಿಸುವುದೇ ಎಷ್ಟೋ ಸಲ ಲಾಭ.

ಪ್ರಶ್ನೆ: ಎಲೆಯ ಫೋಟೊ ತೆಗೆದರೆ ರೋಗ ಹೇಳುವ ಆ್ಯಪ್ ನಂಬಬಹುದೇ?
— ಮಾಲೂರು

ರೋಗದ ಹೆಸರಿಗೆ ನಂಬಿ, ಔಷಧಿಯ ಹೆಸರಿಗೆ ತಕ್ಷಣ ಅಂಗಡಿಗೆ ಓಡಬೇಡಿ. ಟೊಮೆಟೊ ಎಲೆಯ ಕಂದು ಮಚ್ಚೆ ಅಂಗಮಾರಿಯದೂ ಆಗಿರಬಹುದು, ಟೂಟಾ ಎಂಬ ಸಣ್ಣ ಪತಂಗದ ಮರಿಹುಳು ಎಲೆಯೊಳಗೆ ಕೊರೆದದ್ದೂ ಆಗಿರಬಹುದು. ಮಬ್ಬು ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಔಷಧಿ ಮಾತ್ರ ಬೇರೆ ಬೇರೆ. ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ. ಮಚ್ಚೆ ಪೊರೆಯಂತೆ ತೆಳುವಾಗಿ, ಒಳಗೆ ಕಪ್ಪು ಹಿಕ್ಕೆಯೋ ಹಸಿರು ಮರಿಯೋ ಕಂಡರೆ ಅದು ಟೂಟಾ. ಒಂದರೊಳಗೊಂದು ಬಳೆಯಿಟ್ಟಂತೆ ಸುತ್ತು ಕಂಡರೆ ಅಂಗಮಾರಿ. ಫೋಟೊವನ್ನು ಬೆಳಿಗ್ಗೆ, ಒಂದೇ ಎಲೆಯದ್ದು, ಮೇಲ್ಭಾಗ ಕೆಳಭಾಗ ಎರಡೂ ತೆಗೆಯಿರಿ. ಅದೇ ಫೋಟೊವನ್ನು ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರದವರಿಗೂ ತೋರಿಸಿ, ಆಮೇಲೆ ಔಷಧಿ ತನ್ನಿ.